ಹಸಿರು ಸಾಹೇಬರು

ಆರೋಗ್ಯ ಮಂಡಳಿಯ ಈ ಇನ್‌ಸ್ಪೆಕ್ಟರಿಗೆ ನಮ್ಮ ಕೊಳದ ಸುತ್ತಲಿನವರು ಇಟ್ಟ ಹೆಸರು ಹಸಿರು ಸಾಹೇಬರು. ಯಾರ ಮನೆಗೆ ಹೋದರೂ ಕಾಫಿ ಒಲ್ಲರು, ಕುರ್ಚಿ ಒಲ್ಲರು. ನೆಟ್ಟಗೆ ಕಕ್ಕಸಿಗೆ ನಡೆದು ಒಂದು ಲೋಟ ಹಸಿರು ಬಣ್ಣ ಸುರಿದು, "ನೀರು ಬಿಡಿ ತಾಯಿ, ಧಾರಾಳವಾಗಿ ಬಿಡಿ" ಎನ್ನುವರು. ಆಮೇಲೆ ಕೊಳದ ಮೆಟ್ಟಿಲ ಮೇಲೆ ಕೊಡೆ ಬಿಚ್ಚಿ ಕೂತರೆ ಎರಡು ದಿನವಾದರೂ ಏಳುವ ಆಸಾಮಿಯಲ್ಲ. ನೀರಿನಲ್ಲಿ ಹಸಿರು ಇಣುಕಿತೋ, ಆ ಮನೆಯ ಸೆಪ್ಟಿಕ್ ಟ್ಯಾಂಕು ಸೋರುತ್ತಿದೆ ಎಂದೇ ಅರ್ಥ; ಬಾಗಿಲಿಗೆ ನೋಟಿಸು. ಬೈದವರಿಗೆಲ್ಲ ಒಂದೇ ಉತ್ತರ: "ನನ್ನನ್ಯಾಕೆ ಬೈತೀರಿ? ಕೊಳ ಹೇಳ್ತು." ಹಲ್ಲು ಕಡಿಯುತ್ತಲೇ ಮೂವತ್ತೊಂದು ಮನೆಯವರು ಹೊಸ ಟ್ಯಾಂಕು ಕಟ್ಟಿಸಿದರು. ಆಗುವುದಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ, ಏಕೆಂದರೆ ಮೊದಲ ನೋಟಿಸು ಅಂಟಿದ್ದು ಸಾಹೇಬರ ಸ್ವಂತ ಬಾಗಿಲಿಗೆ. ಅದನ್ನು ಸಹಿ ಹಾಕಿ ತೆಗೆದುಕೊಂಡ ಹೆಂಡತಿ ತಿಂಗಳು ಪೂರಾ ಗಂಡನ ಜೊತೆ ಮಾತು ಬಿಟ್ಟಿದ್ದರು. ಮೊನ್ನೆ ಕೊನೆಯ ಮನೆಯಲ್ಲಿ ಬಣ್ಣ ಸುರಿದರು. ಇವತ್ತು ಸಂಜೆಯಾದರೂ ನೀರು ತಿಳಿಯಾಗಿಯೇ ಇತ್ತು. ಸಾಹೇಬರು ನಂಬಲಾರದೆ ಇನ್ನೂ ಬಗ್ಗಿ ಹುಡುಕುತ್ತಿದ್ದಾಗ, ಕೇರಿಗೆ ಕೇರಿಯೇ ನೋಡುತ್ತಿದ್ದಂತೆ, ಅವರ ಹೆಂಡತಿ ಮೊಣಕಾಲುದ್ದ ನೀರಿಗಿಳಿದು ಬೊಗಸೆ ತುಂಬ ಗಂಡನ ಮುಖಕ್ಕೆರಚಿ ನಕ್ಕರು: "ಏಳ್ರೀ ಇನ್ನು, ಕೊಳ ಹೇಳ್ತು!"