ಹುಲ್ಲಿನ ಮೇಲೆ ಕಾಫಿ ಚರಟ

ಕಳೆದ ವರ್ಷ ಯುಗಾದಿಯ ಮರುದಿನ ಬೆಳಿಗ್ಗೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ಹುಲ್ಲುಹಾಸಿನ ಮೇಲೆ ಒಂದು ಚೀಲ ಕಾಫಿ ಚರಟ ಬಿತ್ತು. ಸುರಿದವರು ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ. ಮನೆಯಲ್ಲಿ ಉಳಿದವರು ಇನ್ನೂ ಎದ್ದಿರಲಿಲ್ಲ.

ಹುಲ್ಲುಹಾಸು ದೊಡ್ಡದೇನಲ್ಲ. ಗೇಟಿಗೂ ಕಿಟಕಿಗೂ ನಡುವೆ ಎರಡು ಮಂಚ ಹಾಕಬಹುದಾದಷ್ಟು ಜಾಗ. ನನ್ನ ಹೆಂಡತಿಗೆ ಅದು ಬಹಳ ದಿನದ ಆಸೆ. ಸಂಜೆ ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಟ್ಟು, ಕಾಫಿ ಲೋಟ ಹಿಡಿದು ಅದರ ಮೇಲೆ ನಡೆಯುತ್ತಾಳೆ. ಕಾಫಿ ಮುಗಿಯುವ ಮೊದಲೇ ಹುಲ್ಲು ಮುಗಿದುಹೋಗುತ್ತದೆ, ತಿರುಗಿ ಬರುತ್ತಾಳೆ.

ಅತ್ತೆಯ ಊರು ಶಿಡ್ಲಘಟ್ಟದ ಕಡೆಯ ಮೇಲೂರು. ರೇಷ್ಮೆ ಹುಳು ಸಾಕುವ ಮನೆ. ಒಂದು ಬೆಳೆಯ ಗೂಡು ಮಾರಿ, ಮುಂದಿನ ಮರಿ ತರುವವರೆಗೆ ಬಿಡುವು ಸಿಕ್ಕರೆ ಮಗಳ ಮನೆಗೆ ಬರುತ್ತಾರೆ. ಶಿವರಾತ್ರಿಗೆ ಬಂದಾಗಲೇ ಹುಲ್ಲಿನ ಬಗ್ಗೆ ಮಾತು ನಡೆದಿತ್ತು.

"ಹಸು ಇಲ್ದಿರೋ ಮನೇಲಿ ಹುಲ್ಲು ಯಾಕೆ ಬೆಳೀತೀಯೇ?"

"ನೋಡೋಕೆ ಕಣಮ್ಮ."

"ನೋಡೋಕಾ! ಹುಟ್ಟಿದಾಗಿಂದ ತೋಟದಾಗೆ ಕೂತ್ಕೊಂಡು ಇದನ್ನೇ ಕಿತ್ತು ಕಿತ್ತು ನನ್ನ ಬೆರಳು ಸವೆದೋಗೈತೆ. ನೀನು ನೀರು ಹಾಕಿ ಸಾಕ್ತಿದೀಯ. ಆ ಜಾಗದಾಗೆ ಒಂದಿಷ್ಟು ದಂಟಿನ ಬೀಜ ಚೆಲ್ಲಿದ್ರೆ ಮನೆಗಾದ್ರೂ ಸೊಪ್ಪಾಗ್ತಿತ್ತು."

ಆಗಲೇ ಬಿಸಿಲು ಏರಿ ಹುಲ್ಲು ಸ್ವಲ್ಪ ಮಂಕಾಗಿತ್ತು. ಹೆಂಡತಿಗೂ ಹಟ ಬಂತು.

"ಆಯ್ತು. ದೀಪಾವಳಿ ಹೊತ್ತಿಗೆ ಇದು ಹಸಿರಾಗಿರ್ಲಿಲ್ಲ ಅಂದ್ರೆ ನೀನೇ ಕಿತ್ತಾಕಿ ಸೊಪ್ಪು ಹಾಕ್ಕೋ."

"ಅಳಿಯಂದ್ರು ಕೇಳಿಸ್ಕೊಂಡ್ರಲ್ಲಪ್ಪ?"

ಕೇಳಿಸಿಕೊಂಡಿದ್ದೆ. ಹಾಗೆಂದು ದಾಖಲಾಯಿತು.

ಕಾಫಿ ಚರಟ ಹುಲ್ಲಿಗೆ ಒಳ್ಳೆಯದು ಎಂಬುದನ್ನು ಹೆಂಡತಿ ಫೋನಿನಲ್ಲಿ ನೋಡಿದ್ದು ಆಮೇಲೆ. ನಮ್ಮ ಫಿಲ್ಟರಿನಿಂದ ದಿನಕ್ಕೆ ಸಿಗುವುದು ಒಂದು ಹಿಡಿ, ಅದರಲ್ಲೂ ಚಿಕೋರಿಯ ಪಾಲಿದೆ. ಆದ್ದರಿಂದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಚೀಲ ಹಿಡಿದು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹೋಟೆಲಿನವರು ಕೊಟ್ಟರು, ಆದರೆ ಸುಮ್ಮನೆ ಕೊಡಲಿಲ್ಲ. "ಕಾಫಿ ಎದುರುಗಡೆ ಹೋಟೆಲಲ್ಲಿ ಕುಡೀತೀರಾ, ಚರಟಕ್ಕೆ ಮಾತ್ರ ನಾವು ಬೇಕಾ ಸಾರ್?" ಎಂದರು. ಅಂದಿನಿಂದ ಕಾಫಿಯನ್ನೂ ಅಲ್ಲೇ ಕುಡಿಯುತ್ತಿದ್ದೇನೆ.

ತಂದದ್ದನ್ನು ಮಹಡಿಯ ಮೇಲೆ ಒಣಗಿಸುತ್ತಿದ್ದೆವು. ಅದಕ್ಕೆ ಬಳಸಿದ್ದು ಮೇಲೂರಿನಿಂದ ಬಂದಿದ್ದ, ಹುಳು ಸಾಕುವ ಹಳೆಯ ಬಿದಿರು ತಟ್ಟೆ. ಒಣಗಿದ್ದು ಚೀಲ ಸೇರುತ್ತಿತ್ತು. ವಾರಕ್ಕೊಮ್ಮೆ ಒಂದು ಹಿಡಿ ಚರಟವನ್ನು ಎಲೆಗೊಬ್ಬರದಲ್ಲಿ ಬೆರೆಸಿ ಹುಲ್ಲಿನ ಮೇಲೆ ತೆಳ್ಳಗೆ ಉದುರಿಸುವುದು ಹೆಂಡತಿಯ ಲೆಕ್ಕ.

ಯುಗಾದಿಗೆ ಬಂದ ಅತ್ತೆ ಮಹಡಿಯಲ್ಲಿ ಕಂಡದ್ದು ಇಷ್ಟು: ತಮ್ಮದೇ ಮನೆಯ ತಟ್ಟೆ, ಅದರಲ್ಲಿ ಕಪ್ಪು ಕಾಳು, ಪಕ್ಕದಲ್ಲಿ ಅದೇ ಕಾಳು ತುಂಬಿದ ಚೀಲ. ಮೇಲೂರಿನಲ್ಲಿ ಅಂಥ ತಟ್ಟೆಯಲ್ಲಿ ಅಂಥ ಕಾಳು ಕಂಡರೆ ಅದು ಹುಳುವಿನ ಹಿಕ್ಕೆ, ತೋಟಕ್ಕೆ ಗೊಬ್ಬರ. ಅದನ್ನು ಯಾರೂ ಹಿಡಿ ಲೆಕ್ಕದಲ್ಲಿ ಹಾಕುವುದಿಲ್ಲ, ಮಂಕರಿ ಲೆಕ್ಕದಲ್ಲಿ ಸುರಿಯುತ್ತಾರೆ. ವಾಸನೆಯೂ ಸುಳಿವು ಕೊಡಲಿಲ್ಲ. ಹೋಟೆಲಿನವರು ಹಿಂಡಿ ಬಿಟ್ಟ ಚರಟದಲ್ಲಿ, ವಾರಗಟ್ಟಲೆ ಬಿಸಿಲಿಗೆ ಬಿದ್ದ ಮೇಲೆ, ಕಾಫಿ ಇತ್ತೆಂಬುದಕ್ಕೆ ಸಾಕ್ಷಿ ಉಳಿದಿರುವುದಿಲ್ಲ. ಮಗಳ ಹುಲ್ಲು ಒಣಗುತ್ತಿದೆ, ಗೊಬ್ಬರ ತಂದಿಟ್ಟು ಹಾಕಲು ಪುರಸೊತ್ತಿಲ್ಲ ಎಂದುಕೊಂಡ ಅತ್ತೆ ಚೀಲವನ್ನು ಪೂರ್ತಿ ಸುರಿದು, ಕೈಯಿಂದ ಹರಡಿ, ನೀರು ಹಾಕಿ, ಮೇಲೆ ಓಡಾಡಿ ತುಳಿದರು.

ಅಂದು ಹೊಸತೊಡಕು. ಮಾಂಸದ ಅಡುಗೆಯ ದಿನ ಯಾರೂ ಹುಲ್ಲಿನ ಬಗ್ಗೆ ಜಗಳ ಆಡುವುದಿಲ್ಲ. ಊಟವಾದ ಮೇಲೆ ಗೇಟಿನ ಬಳಿ ಹೋದ ಹೆಂಡತಿ ಕಪ್ಪು ನೆಲವನ್ನು ನೋಡಿ, "ಅಮ್ಮ, ಅದು ಕಾಫಿ ಚರಟ," ಎಂದಳು.

"ಹಿಕ್ಕೆ ಅಲ್ವಾ?"

"ಅಲ್ಲ. ಇರ್ಲಿ ಬಿಡು, ಅದೂ ಗೊಬ್ಬರಾನೇ."

ಒಂದು ವಾರದಲ್ಲಿ ಚರಟ ಗಾರೆ ನೆಲದಂತೆ ಗಟ್ಟಿಯಾಯಿತು. ಅಲ್ಲಲ್ಲಿ ಬಿಳಿ ಬೂಷ್ಟು ಬಂತು. ಮೇಲೆ ಸುರಿದ ನೀರು ಕೆಳಗೆ ಇಳಿಯದೆ ಗೇಟಿನ ಅಡಿಯಿಂದ ಬೀದಿಗೆ ಹೋಯಿತು. ಅಂಚಿನಲ್ಲಿ ಇಣುಕುತ್ತಿದ್ದ ಹುಲ್ಲು ಹಳದಿಯಾಯಿತು. ಹೆಂಡತಿಯ ಸಮಾಧಾನವೂ ಮುಗಿಯಿತು.

"ಬೇಕಂತ್ಲೇ ಮಾಡಿದೀಯ ಕಣಮ್ಮ. ನಿನಗೆ ಸೊಪ್ಪು ಬೇಕಿತ್ತು."

"ಸಾಯಿಸ್ಬೇಕು ಅಂದಿದ್ರೆ ಕುಡುಗೋಲು ತಗಂತಿದ್ದೆ. ಗೊಬ್ಬರ ಯಾಕೆ ಹಾಕ್ಲೇ?"

ಇಬ್ಬರೂ ನನ್ನ ಕಡೆ ನೋಡಿದರು. ನಾನು ಪೇಪರ್ ಓದುತ್ತಿದ್ದೆ. ಓದುವುದನ್ನು ಮುಂದುವರಿಸಿದೆ.

ಮರುದಿನ ಅತ್ತೆ ಮೇಲೂರಿಗೆ ಹೊರಡಬೇಕಿತ್ತು, ಹೊರಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲುಹಾಸಿನ ಮೇಲೆ ಮಣೆ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ದೋಸೆ ಮಗುಚುವ ಕೈ. ಅದರ ಅಂಚನ್ನು ಚರಟದ ಅಡಿಗೆ ತೂರಿಸಿ, ಮೆಲ್ಲಗೆ ಅಲ್ಲಾಡಿಸಿ, ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತಿದ್ದರು. ಕೆಲವು ಚಕ್ಕೆಗಳ ಜೊತೆ ಹುಲ್ಲೂ ಬೇರುಸಮೇತ ಬಂತು. ಕೆಲವುಗಳ ಅಡಿಯಲ್ಲಿ ಬಣ್ಣಗೆಟ್ಟ ಹುಲ್ಲು ಇನ್ನೂ ಹಿಡಿದುಕೊಂಡಿತ್ತು.

ಎದುರು ಮನೆಯಾಕೆ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದವರು ಗೇಟಿನ ಬಳಿ ನಿಂತರು. ಅವರದು ಗೌರಿಬಿದನೂರಿನ ಆಚೆ ನಗರಗೆರೆ. ಮಾತಿನಲ್ಲಿ ತೆಲುಗು ಇಣುಕುತ್ತದೆ.

"ಏಮಮ್ಮಾ, ನೆಲದ ಮೇಲೇ ದೋಸೆ ಹುಯ್ದಿದೀರಾ?"

"ಹೂಂ ಕಣಮ್ಮ, ಮಗಳಿಗೆ. ಸೀದೋಯ್ತು. ಚಟ್ನಿ ಇದ್ರೆ ತಗಂಬಾ."

ಒಳಗೆ ನಿಂತಿದ್ದ ಹೆಂಡತಿ ನಕ್ಕಳು. ಆಮೇಲೆ ಅವಳೂ ಒಂದು ಚಮಚ ಹಿಡಿದು ತಾಯಿಯ ಪಕ್ಕ ಕೂತಳು. ಎದ್ದ ಚಕ್ಕೆಗಳನ್ನು ಪುಡಿಮಾಡಿ ಹಿತ್ತಲಿನ ಗುಂಡಿಗೆ ಹಾಕಿ, ಮೇಲೆ ಒಣ ಎಲೆ ಮುಚ್ಚಿದೆವು. ಬ್ಯಾಂಕಿಗೆ ಅಂದು ಅವಳು ತಡವಾಗಿ ಹೋದಳು. ಅತ್ತೆ ಇನ್ನೊಂದು ವಾರ ಉಳಿದು, ಬಟ್ಟೆ ಜಾಲಿಸಿದ ನೀರನ್ನು ದಿನವೂ ಹುಲ್ಲಿಗೆ ಚಿಮುಕಿಸಿ ಊರಿಗೆ ಹೋದರು. ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ, "ಹುಲ್ಲು ಹೆಂಗೈತೆ?" ಮಗಳು ಹೇಗಿದ್ದಾಳೆ ಎಂಬುದು ಎರಡನೆಯದು.

ಮಳೆ ಬಂತು, ಹೋಯಿತು. ದೀಪಾವಳಿಗೆ ಅತ್ತೆ ಬಂದು ಚೀಲ ಕೆಳಗಿಡದೆಯೇ ಪರಿಶೀಲಿಸಿದರು. ಗೇಟಿನ ಕಡೆಯ ಅರ್ಧ ಹಸಿರಾಗಿತ್ತು. ಕಿಟಕಿಯ ಕಡೆಯ ಅರ್ಧದಲ್ಲಿ ಮಣ್ಣು ಕಾಣುತ್ತಿತ್ತು.

"ಹಸಿರಾಗೈತೆ. ಗೆದ್ದೆ ಕಣೇ ನೀನು," ಎಂದರು ಅತ್ತೆ.

"ಅರ್ಧ ಆಗಿಲ್ಲ. ನೀನೇ ಗೆದ್ದಿದ್ದು," ಎಂದಳು ಹೆಂಡತಿ.

ಈ ಜಗಳ ಊಟದವರೆಗೂ ನಡೆಯಿತು. ಕೊನೆಗೆ ಹೆಂಡತಿ ನಡುವೆ ಇಟ್ಟಿಗೆಯ ಸಾಲು ಜೋಡಿಸಿದಳು: ಆಚೆ ಹುಲ್ಲು, ಈಚೆ ದಂಟಿನ ಸೊಪ್ಪು. ಹಿತ್ತಲಿನ ಗುಂಡಿಯಲ್ಲಿ ಕಳಿತ ಚರಟ ಎರಡೂ ಕಡೆಗೆ ಸಮನಾಗಿ ಹೋಯಿತು. ಸೊಪ್ಪು ಚೆನ್ನಾಗಿ ಬಂತು. ಎದುರು ಮನೆಗೂ ಒಂದು ಕಟ್ಟು ಹೋಯಿತು. ಹೆಂಡತಿ ಈಗಲೂ ಕಾಫಿ ಹಿಡಿದು ನಡೆಯುತ್ತಾಳೆ, ಬೇಗ ತಿರುಗುತ್ತಾಳೆ.

ಅತ್ತೆ ಮೊನ್ನೆ ಸಂಜೆ ಮೇಲೂರಿನಿಂದ ಬಂದಿದ್ದಾರೆ. ಇವತ್ತು ಬೆಳಿಗ್ಗೆ ನೋಡಿದಾಗ ಇಟ್ಟಿಗೆಯ ಸಾಲು ಹುಲ್ಲಿನ ಕಡೆಗೆ ಒಂದು ಗೇಣು ಸರಿದಿತ್ತು.