ಕರಕಿಯ ವೈರಿ

ನಮ್ಮ ಎದುರುಮನೆಯ ಕಾಕಾರ ಬಲಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಆ ಸೀಳಿನೊಳಗಿನ ಕರಿಮಣ್ಣು ದೀಪಾವಳಿಯ ಎಣ್ಣೆನೀರಿಗೂ ಬಿಡುತ್ತಿರಲಿಲ್ಲ. ಕರಕಿ ಕಿತ್ತು ಕಿತ್ತು ಆದ ಸೀಳು ಅದು. ಗಣಪತಿಗೆ ಏರಿಸುವ ಗರಿಕೆಗೆ ಸಿಂದಗಿಯ ಕಡೆ ಕರಕಿ ಎನ್ನುತ್ತಾರೆ. ದೇವರಿಗೆ ಅದು ಎಷ್ಟೇ ಪ್ರೀತಿಯದಿರಲಿ, ಎರೆಹೊಲದ ರೈತನಿಗೆ ಅದರಂಥ ಶನಿ ಇನ್ನೊಂದಿಲ್ಲ. ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಮುಂದಿನ ಮಳೆಗೆ ಹೊಲದ ತುಂಬ ಅದೇ ಹಬ್ಬುತ್ತದೆ. ಬೆಳಿಗ್ಗೆ ಹೊಲಕ್ಕೆ ಹೋದ ಕಾಕಾ ಸಂಜೆ ಬರುವಾಗ ಎಷ್ಟು ಕರಕಿ ಕಿತ್ತೆನೆಂದು ಹೇಳದೆ ಮನೆಯ ಹೊಸ್ತಿಲು ದಾಟಿದವರಲ್ಲ.

ಅಂಥವರ ಕಣ್ಣೆದುರೇ, ನಮ್ಮ ಅಂಗಳದಲ್ಲಿ ನಾನು ಕರಕಿ ಬೆಳೆಸಲು ಹೊರಟೆ.

ಎಪ್ಪತ್ತರ ದಶಕದ ಮಾತು. ನಾನು ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಬಾಯಿ, ಅಂದರೆ ಶಿಕ್ಷಕಿ. ನಮ್ಮವರು ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರ್. ವಾರದಲ್ಲಿ ನಾಲ್ಕು ದಿನ ಊರಲ್ಲಿ ಇರುತ್ತಿರಲಿಲ್ಲ. ಮೂರು ವರ್ಷದ ಮಗಳಿಗೆ ಜ್ವರ ಬಂದು ಹೋದಮೇಲೆ ಎಡಗಾಲು ಸೋತಿತ್ತು. ಸೊಲ್ಲಾಪುರದ ಡಾಕ್ಟರು ಕಾಲಿಗೆ ಎಣ್ಣೆ ತಿಕ್ಕಿ, ದಿನವೂ ಬರಿಗಾಲಲ್ಲಿ ಮೆತ್ತಗಿನ ನೆಲದ ಮೇಲೆ ನಡೆಸಿರಿ ಎಂದಿದ್ದರು. ನಮ್ಮ ಅಂಗಳವೋ ಬರೀ ಗರಸು, ಚುಚ್ಚುವ ಸಣ್ಣ ಕಲ್ಲಿನ ನೆಲ. ಎರಡು ಸಲ ಬಿದ್ದು ಮೊಣಕಾಲು ಕೆತ್ತಿಸಿಕೊಂಡ ಮಗಳು ಮೂರನೆಯ ಸಲ ನೆಲಕ್ಕೆ ಕಾಲೂರಲು ಒಪ್ಪಲಿಲ್ಲ. ಎತ್ತಿಕೊಂಡರೆ ಮಾತ್ರ ಹೊರಗೆ ಬರುತ್ತಿದ್ದಳು. ಹುಲ್ಲುಹಾಸು ಬೇಕೆಂದು ನಾನು ಹಟಕ್ಕೆ ಬಿದ್ದದ್ದು ಅದಕ್ಕೆ. ಓಣಿಯವರು ಬಾಯಾರಿಗೆ ಸಾಹೇಬರ ಬಂಗಲೆಯ ಹುಚ್ಚು ಹಿಡಿದಿದೆ ಎಂದು ಆಡಿಕೊಂಡರು.

ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾ. "ನಾ ಹುಟ್ಟಿದಾಗಿಂದ ಇದನ್ನ ಕೀಳಾಕತ್ತೇನಿ, ನೀವು ಹಚ್ಚತೇನಿ ಅಂತೀರಲ್ರಿ ಬಾಯಾರ" ಎಂದು ತಲೆಗೆ ಸುತ್ತಿದ ಪಟಗದ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಮಗಳ ಕಾಲಿನ ವಿಷಯ ಹೇಳಿದೆ. ನಗೆ ನಿಂತಿತು. ಎದ್ದು ಹೋದರು. ಮರುದಿನ ಬೆಳಿಗ್ಗೆ ಒದ್ದೆ ಗೋಣಿಚೀಲದಲ್ಲಿ ತಮ್ಮ ಹೊಲದ ಕರಕಿಯನ್ನೇ ಹೊತ್ತು ತಂದು, ಗರಸು ತೆಗೆಸಿ ಮಣ್ಣು ಹಾಕಿಸಿ, ಗೆಣ್ಣು ಗೆಣ್ಣು ಮುರಿದು ತಾವೇ ಹಚ್ಚಿದರು. ಬೇಸಿಗೆಯ ಹೊತ್ತಿಗೆ ಅಂಗಳದ ಬೇವಿನ ಮರದ ಸುತ್ತ ಹಸಿರು ಹಬ್ಬಿತು. ಮಗಳು ನನ್ನ ಬೆರಳು ಹಿಡಿದು ಅದರ ಮೇಲೆ ನಾಲ್ಕು ಹೆಜ್ಜೆ ಇಟ್ಟಳು. ಬಿದ್ದಳು, ಆದರೆ ಅಳಲಿಲ್ಲ.

ಆ ಹಿಗ್ಗಿನಲ್ಲಿ ನಾನೊಂದು ಶಾಣ್ಯಾತನ, ಅಂದರೆ ಅತಿಜಾಣತನ ಮಾಡಿದೆ. ನಾವು ಅಂಗಳಕ್ಕೆ ದಿನಾ ಸಗಣಿ ನೀರು ಹೊಡೆಯುವವರು. ನೆಲಕ್ಕೆ ಸಗಣಿಗಿಂತ ಒಳ್ಳೆಯದು ಉಂಟೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಅಂಗಳಕ್ಕೆ ಹೊಡೆದು ಉಳಿದದ್ದನ್ನೆಲ್ಲ ಹುಲ್ಲಿಗೆ ಸುರಿದೆ. ಸಾಲದ್ದಕ್ಕೆ ಜೂನಿನ ಮಿರಗದ ಮಳೆಗೆ ಮುಂಚೆ ಕಾಕಾರ ಎಮ್ಮೆಯ ಹಸಿ ಸಗಣಿಯನ್ನು ಬುಟ್ಟಿಗಟ್ಟಲೆ ತರಿಸಿ ಹರವಿದೆ.

ಗಣೇಶಚೌತಿ ಕಳೆಯುತ್ತಲೇ ಹುಲ್ಲು ಅಲ್ಲಲ್ಲಿ ಹಳದಿಗಟ್ಟಿತು. ನೀರು ಹೆಚ್ಚು ಹಾಕಿದೆ, ಹಳದಿಯೂ ಹೆಚ್ಚಾಯಿತು. ಕಾಗೆ, ಗೊರವಂಕಗಳು ಬಂದು ಕೆದರತೊಡಗಿದವು. ಇವೇ ಕೆಡಿಸುತ್ತಿವೆ ಎಂದು ಕಸಬರಿಗೆ ಹಿಡಿದು ಅವುಗಳ ಬೆನ್ನು ಹತ್ತಿದೆ. ಒಂದು ದಿನ ಮಗಳು ಕಾಲೂರಿದಲ್ಲಿ ಹುಲ್ಲು ಜಾರಿ ಪಕ್ಕಕ್ಕೆ ಸರಿದು, ಅವಳು ಮುಗ್ಗರಿಸಿದಳು. ಅಂದಿನಿಂದ ಮತ್ತೆ ಕಟ್ಟೆ ಇಳಿಯಲಿಲ್ಲ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬಾಗಿಲಿಗೆ ಬಂದ ಕಾಕಾರ ಮೇಲೆ ಅದನ್ನು ಕಾರಿಕೊಂಡೆ. ಕರಕಿಯ ವೈರಿ ಹಚ್ಚಿದ ಕರಕಿ ಇನ್ನು ಹೇಗೆ ಬದುಕೀತು, ಮನಸ್ಸಿಲ್ಲದೆ ಹಚ್ಚಿದಿರಿ ಎಂದುಬಿಟ್ಟೆ. ಇಂದಿಗೂ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅವರು ಹುಲ್ಲಿನ ಕಡೆ ನಡೆದರು. ಹಳದಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹುಲ್ಲನ್ನು ಹಿಡಿದು ಎತ್ತಿದರು. ಜಮಖಾನೆಯಂತೆ ಅದು ಇಡಿಯಾಗಿ ಎದ್ದು ಬಂತು. ಕೆಳಗೆ ಬೇರೇ ಇಲ್ಲ. ಸೀಳು ಉಗುರಿನಿಂದ ಮಣ್ಣು ಕೆದರಿ, ಅಂಗೈಯಲ್ಲಿ ಒಂದು ಹುಳ ತೋರಿಸಿದರು. ಹಾಲಿನಂಥ ಬಿಳುಪು, ಕಂದು ತಲೆ, ಮುದುರಿಕೊಂಡು ಮಲಗಿತ್ತು. ಶೇಂಗಾದ ಹೊಲದಲ್ಲಿ ಅವರು ನೋಡಿ ನೋಡಿ ಬೇಸತ್ತ ಗೊಣ್ಣೆಹುಳ. ಗೇಣುದ್ದದ ಜಾಗದಲ್ಲಿ ಹತ್ತು ಹನ್ನೆರಡು ಸಿಕ್ಕವು.

"ಸಗಣಿ ಹಾಕಿದ್ರೇನು?"

"ಹೌದ್ರಿ."

"ಕೊಳತದ್ದೋ, ಹಸೀದೋ?"

"ಹಸೀದು. ನಿಮ್ಮ ಎಮ್ಮೀದ."

"ಹಂಗಾದ್ರ ಹುಳದ ತವರುಮನಿ ನಂದ ಆತು ಬಿಡ್ರಿ" ಎಂದು ನಕ್ಕರು. ನನ್ನ ತಪ್ಪಿನಲ್ಲಿ ಅರ್ಧವನ್ನು ಹೀಗೆ ತಮ್ಮ ಮೈಮೇಲೆ ಹಾಕಿಕೊಂಡು, ನನ್ನ ಕೆಟ್ಟ ಮಾತನ್ನು ಅಲ್ಲಿಗೇ ಮುಗಿಸಿದರು. ಮೊದಲ ಮಳೆಗೆ ಏಳುವ ಕಂದು ದುಂಬಿಗಳು ಬೇವಿನ ಎಲೆ ತಿಂದು, ಹಸಿ ಸಗಣಿ ಬಿದ್ದ ಹಸಿ ಮಣ್ಣು ಕಂಡಲ್ಲಿ ಮೊಟ್ಟೆ ಇಡುತ್ತವೆಂದೂ, ನಾನು ಓಡಿಸಿದ ಹಕ್ಕಿಗಳು ಕೂಲಿಯಿಲ್ಲದೆ ನನ್ನ ಕೆಲಸ ಮಾಡಲು ಬಂದಿದ್ದವೆಂದೂ ಆಮೇಲೆ ತಿಳಿಸಿಕೊಟ್ಟರು.

ಆ ಶನಿವಾರ ನಮ್ಮವರು ಅಂಗಡಿಯಿಂದ ಒಂದು ಚೀಲ ಔಷಧದ ಪುಡಿ ತಂದರು. ಮೂಗು ಮುಚ್ಚಿಕೊಳ್ಳುವಂಥ ನಾತ. ಕಾಕಾ ಚೀಲವನ್ನು ನೋಡಿದರು, ಕಟ್ಟೆಯ ಮೇಲೆ ಕೂತು ಹುಲ್ಲಿನ ಎಸಳು ಕಡಿಯುತ್ತಿದ್ದ ಮಗಳನ್ನು ನೋಡಿದರು.

"ಶೇಂಗಾಕ್ಕ ನಾನೂ ಉಗ್ಗತೇನ್ರಿ ಸಾಹೇಬ್ರ. ಇದು ಹೊಲ ಅಲ್ಲ. ಕೂಸು ಆಡೂ ಜಾಗಾ."

ಚೀಲವನ್ನು ತಮ್ಮ ಬಗಲಿಗೆ ಸೇರಿಸಿಕೊಂಡು ಹೋಗಿಯೇಬಿಟ್ಟರು. ತಿರುಗಿ ಬಂದಾಗ ಕೈಯಲ್ಲಿ ಕಳೆ ಅಗೆಯುವ ಕುರ್ಚಿಗಿ ಇತ್ತು. ಎರಡು ದಿನ ಬೆಳಿಗ್ಗೆ ಕಾಕಾ ಮತ್ತು ನಾನು ಹಳದಿಯಾದ ಕಡೆ ಗೇಣು ಆಳ ಅಗೆದು, ಸಿಕ್ಕ ಹುಳಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನ ಡಬ್ಬಿಗೆ ಹಾಕಿದೆವು. ಕೈಗೆ ತಪ್ಪಿದ್ದನ್ನು ಹಕ್ಕಿಗಳಿಗೆ ಬಿಟ್ಟೆವು. ಹಕ್ಕಿ ಬಂದಾಗ ಯಾರೂ ಸೊಲ್ಲೆತ್ತಕೂಡದೆಂದು ಕಾಕಾರ ಕಟ್ಟಪ್ಪಣೆ. ನಾಲ್ಕು ದಿನ ಮಣ್ಣು ಬಿಸಿಲುಂಡ ಮೇಲೆ ಬೇವಿನ ಹಿಂಡಿ ಕುಟ್ಟಿ ಬೆರೆಸಿ, ಪೂರ್ತಿ ಕೊಳೆತು ಪುಡಿಯಾದ ಗೊಬ್ಬರ ಹಾಕಿ, ಮತ್ತೆ ಕರಕಿ ಹಚ್ಚಿದರು. ಅದೂ ಅವರ ಹೊಲದ್ದೇ.

ಮರುವರ್ಷ ಮೊದಲ ಮಳೆ ಬಿದ್ದ ಸಂಜೆ ಕಾಕಾ ಹಳೆಯ ದುಪ್ಪಟಿ, ಕೊಕ್ಕೆ ಕಟ್ಟಿದ ಗಳ ಹಿಡಿದು ಹಾಜರಾದರು. ಬೆಳಕಿಗೆ ದುಂಬಿಗಳು ಇನ್ನಷ್ಟು ಬರುತ್ತವೆಂದು ಅಂಗಳದ ಬಲ್ಬು ಆರಿಸಲು ಹೇಳಿ, ಬೇವಿನ ಕೆಳಗೆ ದುಪ್ಪಟಿ ಹಾಸಿ ಟೊಂಗೆ ಅಲುಗಿಸಿದರು. ದುಂಬಿಗಳು ಟಪಟಪ ಉದುರಿದವು. ದಿನ ಬಿಟ್ಟು ದಿನ, ಎರಡು ವಾರ ಇದೇ ಕೆಲಸ. ಹಿಡಿದದ್ದೆಲ್ಲ ಸೀಮೆಎಣ್ಣೆಯ ಡಬ್ಬಿಗೆ. ಡಬ್ಬಿ ಹಿಡಿಯುವ ಹಕ್ಕು ಮಗಳದು. ಅದನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಆ ವರ್ಷ ಹುಲ್ಲು ಹಳದಿಯಾಗಲಿಲ್ಲ. ಮಹಾನವಮಿಯ ಮಾರನೆಯ ದಿನ ಕಾಕಾ ಬನ್ನಿ ಕೊಡಲು ಬಂದು ಹುಲ್ಲಿನ ಆಚೆ ತುದಿಯಲ್ಲಿ ನಿಂತರು. ಮಗಳು ಕಟ್ಟೆಯಿಂದ ಇಳಿದು, ಯಾರ ಬೆರಳೂ ಹಿಡಿಯದೆ, ಎಡಗಾಲನ್ನು ಸ್ವಲ್ಪ ಎಳೆಯುತ್ತ ಅವರವರೆಗೂ ನಡೆದಳು. ಕಾಕಾ ಬನ್ನಿ ಎಲೆಯನ್ನು ಅವಳ ಕೈಗೆ ಕೊಟ್ಟು, "ಬಂಗಾರ ತಗೋಳವ್ವಾ" ಎಂದರು. ಹಾಗೆಯೇ ನೆಲದ ಮೇಲೆ ಕೂತುಬಿಟ್ಟರು. ನಾನು ಅತ್ತೆ. ಅದನ್ನು ಮುಚ್ಚಿಡುವುದೇನಿದೆ.

ಎರಡು ವರ್ಷಕ್ಕೆ ನಮಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಅದಾದ ಮರುವರ್ಷದ ಬೇಸಿಗೆಯಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ನಾವು ತಲುಪುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಅವರ ಮಗ ನಮ್ಮನ್ನು ಹೊಲಕ್ಕೆ ಕರೆದೊಯ್ದ. ಹೊಲ ಅಂಗೈಯಂತೆ ಹಸನಾಗಿತ್ತು, ಒಂದು ಕಸ ಇಲ್ಲ. ಬಾವಿಯ ಪಕ್ಕದ ಬದುವಿನಲ್ಲಿ ಮಾತ್ರ, ಒಂದು ಕಂಬಳಿಯಷ್ಟು ಜಾಗದಲ್ಲಿ, ಆ ಬಿಸಿಲಿನಲ್ಲೂ ಹಸಿರು ಕರಕಿ.

"ಅಪ್ಪ ಇದನ್ನ ಕೀಳಾಕ ಬಿಡಲಿಲ್ರಿ" ಎಂದ ಮಗ. "ದಿನಾ ಒಂದು ಕೊಡ ನೀರು ಹಾಕ್ತಿದ್ದ. ಬಾಯಾರ ಹುಲ್ಲಿಗೆ ಮತ್ತ ಹುಳ ಬಿದ್ರ ಬೇಕಾಕ್ಕೇತಿ ಅಂತಿದ್ದ." ಆಮೇಲೆ ಕೇಳಿದ, "ಇನ್ನ ಕೀಳಲೇನ್ರಿ?"

ಕೀಳಬೇಡ ಎನ್ನುವ ಮಾತು ಬಾಯಿಗೆ ಬಂದಿತ್ತು. ಆದರೆ ಅದು ಕಾಕಾರ ಹೊಲ. ಅಲ್ಲಿ ನನ್ನ ಸಲುವಾಗಿ ಕರಕಿ ಹಬ್ಬುವುದು ಬೇಡ. ಕಿತ್ತುಬಿಡು ಎಂದೆ. ಮಗಳು ಚಪ್ಪಲಿ ಬಿಟ್ಟು ಅದರ ಮೇಲೆ ಒಂದು ಸಲ ನಡೆದು ಬಂದಳು. ಮೊದಲ ಹಿಡಿಯನ್ನು ನಾನೇ ಕಿತ್ತು, ಸೆರಗಿನಂಚನ್ನು ಬಾವಿಯ ನೀರಿನಲ್ಲಿ ನೆನೆಸಿ, ಅದರಲ್ಲಿ ಸುತ್ತಿ ಬಸ್ಸಿನಲ್ಲಿ ಉಡಿಯಲ್ಲಿಟ್ಟುಕೊಂಡು ಬಂದೆ.

ಆಮೇಲೆ ಎಷ್ಟೋ ಮನೆ ಬದಲಾದವು. ಪ್ರತಿ ಮನೆಗೂ ಆ ಕರಕಿ ಬಂದಿದೆ. ಈಗಲೂ ಮೊದಲ ಮಳೆಯ ಸಂಜೆ ನಾನು ಅಂಗಳದ ದೀಪ ಆರಿಸಿ ಈ ಮನೆಯ ಬೇವಿನ ಕೆಳಗೆ ದುಪ್ಪಟಿ ಹಾಸುತ್ತೇನೆ. ಡಬ್ಬಿಯನ್ನು ಮಗಳು ಹಿಡಿಯುತ್ತಾಳೆ.