ತಲೆಕೆಳಗಾದ ಕಾಲು

ಆಗೆಲ್ಲ ನಮ್ಮ ಶಿಕಾರಿಪುರದಲ್ಲಿ ಮಂಚದ ನಾಲ್ಕು ಕಾಲು ನಾಲ್ಕು ಥರ ಇದ್ದರೂ ಯಾರೂ ಬೊಟ್ಟು ಮಾಡುತ್ತಿರಲಿಲ್ಲ. ಅಮ್ಮ ಕಡಸಲಿನ ಹಗ್ಗ ಎಳೆಯುತ್ತಿದ್ದಳು, ಅದಕ್ಕೆ ಸಿಕ್ಕಿಸಿದ ಮರ ಗಿರ್ರನೆ ತಿರುಗುತ್ತಿತ್ತು, ಬಡಗಿಯಾಗಿದ್ದ ಅಪ್ಪ ಉಳಿ ಹಿಡಿದು ಕಣ್ಣಳತೆಯಲ್ಲೇ ಕಡೆಯುತ್ತಿದ್ದ. ಹೆಚ್ಚುಕಡಿಮೆ ಆದದ್ದನ್ನು ಹಾಸಿಗೆ ಮುಚ್ಚಿಕೊಳ್ಳುತ್ತಿತ್ತು.

ಐವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ಅಕ್ಕನಿಗೆ ಸೊರಬದ ಕಡೆಯ ಜಡೆ ಎಂಬ ಊರಿನ ಗಂಡು ಗೊತ್ತಾಯಿತು. ಅಷ್ಟರಲ್ಲಿ ಅಪ್ಪ ದಾವಣಗೆರೆಯಲ್ಲಿ ನಕಲು ತೆಗೆಯುವ ಕಡಸಲು ಯಂತ್ರ ನೋಡಿ ಬಂದು, ಅಂಥದ್ದೊಂದನ್ನು ತಾನೇ ಕಟ್ಟಿದ್ದ. ಒಂದು ಕಡೆ ಮಾದರಿ ಕಾಲು. ಅದರ ಉಬ್ಬುತಗ್ಗಿನ ಮೇಲೆ ಕಬ್ಬಿಣದ ಬೆರಳು ಹರಿದಂತೆ, ಅದಕ್ಕೆ ಬಿಗಿದ ಉಳಿ ಪಕ್ಕದ ಮರದಲ್ಲಿ ಅದನ್ನೇ ಕೊರೆಯುತ್ತಿತ್ತು. ಮಾದರಿಗೆಂದು ಅಪ್ಪ ತನ್ನ ಮದುವೆಯ ಮಂಚದ ಒಂದು ಕಪ್ಪು ಕಾಲನ್ನೇ ಬಿಚ್ಚಿದ. ಅವತ್ತಿನಿಂದ ಅವರಿಬ್ಬರಿಗೂ ಚಾಪೆಯೇ ಗತಿಯಾಯಿತು.

ಅಪ್ಪನಿಗೊಂದು ನೇಮವಿತ್ತು. ಕಾಡಿನಲ್ಲಿ ಮರ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು: ಬುಡ ಕೆಳಗೆ, ತುದಿ ಮೇಲೆ. ಮದುವೆ ಮಂಚದಲ್ಲಂತೂ ಒಂದು ಕಾಲು ತಿರುವುಮುರುವಾದರೆ ಸಂಸಾರವೇ ತಲೆಕೆಳಗು ಎಂದು ಎಲ್ಲರೂ ಹೆದರುತ್ತಿದ್ದರು. ಅದಕ್ಕೇ ಮರ ಕೊಯ್ಯುವಾಗಲೇ ಬುಡಕ್ಕೆ ಇದ್ದಿಲಿನ ಗೀಟು ಹಾಕುತ್ತಿದ್ದ.

ಮಂಚದ ಗಾಡಿ ಹೊರಡುವ ಹಿಂದಿನ ದಿನ ಅಮ್ಮ ಕರ್ಜಿಕಾಯಿ ಕರಿಯುತ್ತಿದ್ದಳು. ಮನೆತುಂಬ ಏಲಕ್ಕಿ, ಎಣ್ಣೆ, ಬಿಸಿ ಅರಗು ಕಲೆತ ವಾಸನೆ. ನಾಲ್ಕು ಕಾಲಿಗೂ ತಲೆಯಿಂದ ಪಾದದವರೆಗೆ ಕೆಂಪು ಅರಗು ಬಳಿದು, ಬಂದವರಿಗೆಲ್ಲ ತೋರಿಸಿ ಅಪ್ಪ ಮೀಸೆ ತಿರುವಿದ್ದ. ಕಾಲುಗಳ ಪಾದದ ಕಡೆಯಿಂದ ಕತ್ತರಿಸಿದ ತುಂಡುಗಳು ಆಗಲೇ ಒಲೆ ಸೇರಿದ್ದವು. ತಲೆಯ ಕಡೆಯವು ನನ್ನ ಪಾಲಿಗೆ ಬಂದಿದ್ದವು. ಜಗಲಿಯಲ್ಲಿ ಅವುಗಳಿಂದ ಗುಡಿ ಕಟ್ಟಿ ಆಡುತ್ತಿದ್ದೆ. ಅಪ್ಪ ಬಂದು ನನ್ನ ಕೈ ಹಿಡಿದ.

"ಈ ಮಸಿ ಎಲ್ಲಿ ಹತ್ತಿಸ್ಕಂಡೆ?"

ತುಂಡು ತೋರಿಸಿದೆ. ತಲೆಯ ಕಡೆಯ ತುಂಡಿನ ಮೇಲೆ ಬುಡದ ಇದ್ದಿಲಿನ ಗೀಟು. ಒಂದು ಕಾಲು ತಲೆಕೆಳಗಾಗಿತ್ತು. ಆದರೆ ಯಾವುದು? ಕೈಯಲ್ಲಿ ಕಡೆಯುವಾಗ ಅಪ್ಪನಿಗೆ ಒಂದೊಂದು ಕಾಲಿನ ಗುರುತೂ ಇರುತ್ತಿತ್ತು. ಈಗ ಯಂತ್ರ ನಾಲ್ಕನ್ನೂ ಒಂದೇ ಮಾಡಿತ್ತು, ಅರಗು ಮರದ ಎಳೆಯನ್ನು ಮುಚ್ಚಿತ್ತು. ಅಪ್ಪನ ಮುಖ ಬಿಳಿಚಿದ್ದು ನೋಡಿ ನನಗೆ ಅಳು ಬಂತು.

ಅಮ್ಮ ಹೊರಗೆ ಬಂದು ದನಿ ತಗ್ಗಿಸಿದಳು. "ಯಾರಿಗೂ ಕಾಣಂಗಿಲ್ಲ. ಸುಮ್ನಿರ‍್ರಿ."

ಅಪ್ಪ ತಲೆಯೆತ್ತಿದ. ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಕಾಲುಗಳನ್ನೇ ನೋಡುತ್ತಿದ್ದಳು. ಅಪ್ಪ ಉಳಿ ತೆಗೆದುಕೊಂಡು ಒಂದೊಂದರ ಒಳಮಗ್ಗುಲಲ್ಲೂ ಅರಗು ಹೆರೆಯತೊಡಗಿದ. ಮೊದಲನೆಯದು ಸರಿಯಿತ್ತು, ಎರಡನೆಯದೂ ಸರಿಯಿತ್ತು. ಮೂರನೆಯದರ ಎಳೆ ನೋಡಿ ಉಳಿ ಕೆಳಗಿಟ್ಟ. ಹೊಸದು ಕಡೆಯಲು ಒಣಗಿದ ಮರ ಮನೆಯಲ್ಲಿರಲಿಲ್ಲ.

ಸುಮ್ಮನಿರಿ ಎಂದಿದ್ದ ಅಮ್ಮನೇ ಯಂತ್ರದ ಹತ್ತಿರ ಹೋದಳು. ಮಾದರಿ ಕಾಲನ್ನು ಬಿಚ್ಚಿ ತಂದು ಅಪ್ಪನ ಮುಂದಿಟ್ಟಳು.

"ಇದನ್ನ ಅವಳಿಗೆ ಹಾಕ್ರಿ. ಆ ಕಾಲು ನಮ್ ಮಂಚಕ್ಕಿರ್ಲಿ. ನಮ್ ಸಂಸಾರ ಇನ್ನೇನು ತಿರುವಿ ಬೀಳ್ತತಿ?"

ಮರುದಿನ ಮೂರು ಕೆಂಪು ಕಾಲು, ಒಂದು ಕಪ್ಪು ಕಾಲಿನ ಮಂಚ ಜಡೆಗೆ ಹೋಯಿತು. ನೋಡಿದವರು ನಕ್ಕರಂತೆ, ಅಕ್ಕ ಕಾರಣ ಹೇಳಲಿಲ್ಲವಂತೆ. ಅಪ್ಪ ಅಮ್ಮ ಕೊನೆಯವರೆಗೂ ಆ ತಲೆಕೆಳಗಾದ ಕಾಲಿನ ಮಂಚದ ಮೇಲೆಯೇ ಮಲಗಿದರು.

ಮೊನ್ನೆ ಮೊಮ್ಮಗಳ ಮದುವೆಗೆ ಮಂಚ ಕೊಳ್ಳಲು ಹೋದಾಗ, ಬುಡ ಯಾವ ಕಡೆ ಇದೆ ಎಂದು ಬಾಯಿತಪ್ಪಿ ಕೇಳಿಬಿಟ್ಟೆ. "ಇದ್ರಲ್ಲಿ ಮರಾನೇ ಇಲ್ಲಜ್ಜಿ, ಒತ್ತಿದ ಪುಡಿ" ಅಂದ ಅಂಗಡಿಯವನು. ಅವನೇನೂ ತಪ್ಪು ಹೇಳಲಿಲ್ಲ. ಆದರೂ ಮನೆಗೆ ಬಂದು ಅತ್ತುಬಿಟ್ಟೆ. ಆ ಹುಡುಗಿಗೆ ನಾಳೆ ಏನಾದರೂ ಕೇಡು ಬಂದರೆ, ಬದಲಿಗೆ ಕೊಡಲು ನನ್ನ ಹತ್ತಿರ ಒಂದು ಕಾಲೂ ಇಲ್ಲ.